ಹೆಬ್ಬೆರಳ ಉಗುರಿನ ಗೆರೆ

ಅವಳ ಬಲಗೈ ಹೆಬ್ಬೆರಳ ಉಗುರಿನಲ್ಲಿ, ಬುಡದಿಂದ ತುದಿಯವರೆಗೆ, ಒಂದು ಕಪ್ಪು ಗೆರೆ ಇತ್ತು. ದಾರದಷ್ಟು ಸಣ್ಣದು. ಅಡಿಕೆ ಸುಲಿಯುವ ಹೆಂಗಸಿನ ಕೈಯಲ್ಲಿ ಕಪ್ಪು ಹುಡುಕುವವರು ಯಾರು? ಕೊಯ್ಲಿನ ನಾಲ್ಕು ತಿಂಗಳು ಹಸಿ ಅಡಿಕೆಯ ಚೊಗರು ಹತ್ತಿ ನಮ್ಮೆಲ್ಲರ ಕೈಗಳೂ ಇದ್ದಿಲಿನ ಹಾಗೆ ಆಗಿರುತ್ತಿದ್ದವು.

ಕಡಹಿನಬೈಲಿನಲ್ಲಿ ಅವಳು ನಮ್ಮ ಪಕ್ಕದ ಮನೆಯವಳು, ನನಗೆ ಅಕ್ಕನ ಹಾಗೆ. ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನನ್ನು ಮೆಟ್ಟುಗತ್ತಿಯ ಮುಂದೆ ಕೂರಿಸಿ ಸುಲಿಯುವುದನ್ನು ಕಲಿಸಿದವಳು ಅವಳೇ. ಕೈ ಅಡಿಕೆ ಸುಲಿಯುತ್ತಿದ್ದರೆ ಬಾಯಿ ಊರಿನವರನ್ನೆಲ್ಲ ಸುಲಿಯುತ್ತಿತ್ತು. ಬಿಡದ ಕೆಮ್ಮಿರಲಿ, ಏಳದ ನೆಂಟರಿರಲಿ, ಅವಳದು ಒಂದೇ ಮಾತು: “ಬಿಡು ಮಾರಾಯ್ತಿ, ಅದಕ್ಕೇ ಬೇಜಾರಾಗಿ ಹೋಗ್ತದೆ.”

ಯುಗಾದಿ ಹೊತ್ತಿಗೆ ಎಲ್ಲರ ಕೈ ತಿಳಿಯಾಯಿತು. ಅವಳ ಗೆರೆ ಮಾತ್ರ ಉಳಿಯಿತು. ಮೊದಲು ನೋಡಿದವಳು ನಾನು. ನೋಡಿ ಮಾಡಿದ್ದೇನು? ನಿಂಬೆಹಣ್ಣಿನ ಹೋಳು ತಂದು ತಿಕ್ಕಿದೆ. ಹೋಗಲಿಲ್ಲ. ಗೆರೆಗೂ ಅದೇ ಮಾತು ಹೇಳಿ ನಕ್ಕಳು. ಮರುವರ್ಷ ಅದು ಅರ್ಧ ಉಗುರಿಗೆ ಹಬ್ಬಿತ್ತು. ಮೂರನೆಯ ವರ್ಷ ಕಪ್ಪು ಉಗುರನ್ನು ದಾಟಿ ಬುಡದ ಚರ್ಮಕ್ಕೆ ಇಳಿಯಿತು. ಉಗುರು ಸೀಳಿತು, ಮುಟ್ಟಿದರೆ ರಕ್ತ ಬರತೊಡಗಿತು. ಕತ್ತಿ ತಾಗಿರಬೇಕೆಂದು ಅರಿಶಿನ ಮೆತ್ತಿದೆವು.

ಗಾಯ ಮಳೆಗಾಲಕ್ಕೂ ಮಾಯದಿದ್ದಾಗ ಅವಳ ಗಂಡನೂ ನಾನೂ ಅವಳನ್ನು ಕೊಪ್ಪಕ್ಕೆ ಕರೆದೊಯ್ದೆವು. ಡಾಕ್ಟರು ಬೆರಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕಂಕುಳು ಮುಟ್ಟಿ ನೋಡಿದರು. ಅಲ್ಲಿ ಗಂಟಿತ್ತು. ಇದು ಚರ್ಮದ ಕ್ಯಾನ್ಸರ್, ಗೆರೆ ಅಗಲವಾಗತೊಡಗಿದಾಗಲೇ ಬರಬೇಕಿತ್ತು ಎಂದು ಅವಳನ್ನು ಗದರಿದರು. ಆ ಬೈಗುಳ ನನಗೆ ಸಲ್ಲಬೇಕಿತ್ತು. ಅವಳು ತಣ್ಣಗೆ ಹೇಳಿದಳು: “ನೋವಿದ್ದಿದ್ರೆ ಬರ್ತಿದ್ದೆ ಡಾಕ್ಟ್ರೇ.”

ಶಿವಮೊಗ್ಗದಲ್ಲಿ ಹೆಬ್ಬೆರಳು ತೆಗೆದರು. ಇದರಿಂದ ಜೀವ ಉಳಿಯುವ ಭರವಸೆ ಇಲ್ಲವೆಂದು ತೆಗೆದವರೇ ಅವಳ ಗಂಡನಿಗೆ ಹೇಳಿ ಕಳಿಸಿದರು.

ಮುಂದಿನ ಕೊಯ್ಲಿಗೆ ಅವಳು ಬಂದು ನಮ್ಮ ಸಾಲಿನಲ್ಲಿಯೇ ಕೂತಳು. ನಾಲ್ಕು ಬೆರಳಲ್ಲಿ ಅಡಿಕೆ ಹಿಡಿಯಲು ನೋಡಿದಳು. ಜಾರಿತು. ಮತ್ತೆ ಹಿಡಿಯಲಿಲ್ಲ. ಆದರೂ ದಿನಾ ಬರುತ್ತಿದ್ದಳು. ಸೊರಗಿ ಅರ್ಧವಾಗಿದ್ದಳು, ಬಾಯಿ ಪೂರಾ ಮುಚ್ಚಿತ್ತು. ಒಂದು ದಿನ ನನ್ನ ಕೈ ಎಳೆದುಕೊಂಡು, ಸೆರಗಿನಿಂದ ಒಂದೊಂದೇ ಉಗುರು ಒರೆಸಿ ನೋಡಿದಳು. ಚೊಗರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

“ಈಗ ಗೊತ್ತಾಗೋದಿಲ್ಲ,” ಎಂದಳು. “ಯುಗಾದಿ ಕಳೀಲಿ. ಆವಾಗ ತಂದು ತೋರ್ಸು.”

ಶಿವರಾತ್ರಿಯ ವಾರ ಅವಳು ತೀರಿಕೊಂಡಳು. ಯುಗಾದಿ ಕಳೆಯಿತು, ನನ್ನ ಹತ್ತೂ ಉಗುರು ತಿಳಿಯಾದವು. ತೋರಿಸಲೆಂದು ಅವಳ ಅಂಗಳದವರೆಗೂ ಹೋದೆ. ಸ್ವಲ್ಪ ಹೊತ್ತು ನಿಂತು, ವಾಪಸು ಬಂದೆ.