ದೀಪ ಕಾಯುವ ಸೋಮವಾರ

ಹೊಸಪೇಟೆಯ ಹಾಲೇಶನ ಅಂಗಡಿಯಿಂದ ರಿಪೇರಿಯಾಗಿ ಹೊರಡುವ ಪ್ರತಿ ಮೋಟಾರಿನ ಮೈಮೇಲೂ ಮೂರೆಳೆ ವಿಭೂತಿ ಇರುತ್ತಿತ್ತು. ತಾಮ್ರದ ತಂತಿ ಸುತ್ತುವುದು ಅವನ ಕಸುಬು. ಸುತ್ತಿದ್ದನ್ನು ಪೂಜಿಸಿ ಕಳಿಸುವುದು ಅವನ ತಂದೆ ಹಾಕಿಕೊಟ್ಟ ಪದ್ಧತಿ. ಗಾದಿಗನೂರಿನ ಕೊಳವೆಬಾವಿ ಪಂಪಾಗಲಿ, ಕಂಪ್ಲಿಯ ಅಕ್ಕಿ ಗಿರಣಿಯ ಮೋಟಾರಾಗಲಿ, ವಿಭೂತಿಗೆ ತಕರಾರು ತೆಗೆದದ್ದಿಲ್ಲ.

ಅವನ ತಾಯಿ ಗಂಗಾಂಬಿಕಾ ಶ್ವಾಸಕೋಶ ಸೋತ ಮೇಲೆ ಆಮ್ಲಜನಕದ ಯಂತ್ರದ ಆಸರೆಯಲ್ಲಿ ಬದುಕಿದ್ದಳು. ಮೂಗಿಗೆ ಸಿಕ್ಕಿಸಿದ ನಳಿಕೆ ಎಷ್ಟು ಉದ್ದವೋ ಆಕೆಯ ಲೋಕ ಅಷ್ಟೇ ಆಗಿತ್ತು. ಅವಳಿಗೆ ಉಳಿದಿದ್ದುದು ಒಂದೇ ಕೊರಗು. ಕಾರ್ತಿಕದ ಒಂದು ಸೋಮವಾರ ಆ ಮನೆಯವರು ಬಂಡ್ರಿಯ ಆಚೆ ಗುಡ್ಡದ ಬುಡಕ್ಕೆ ಹೋಗಿ, ತಾಡಪಾಲು ಕಟ್ಟಿ, ಅಡುಗೆ ಮಾಡಿ, ಬಂಡೆಯ ಮೇಲಿನ ಲಿಂಗದ ಮುಂದೆ ದೀಪ ಹಚ್ಚಿ ರಾತ್ರಿ ಕಳೆಯುತ್ತಿದ್ದರು. ಮನೆಯ ಹಿರಿಯಳು ಆ ದೀಪವನ್ನು ಬೆಳಗಿನವರೆಗೆ ಕಾಯಬೇಕು. ಹಾಗೆ ಕಾದವಳು ಮಾತ್ರ ನಸುಕಿನಲ್ಲಿ ಅದನ್ನು ಸೊಸೆಯ ಕೈಗೆ ಒಪ್ಪಿಸಬಹುದು. ಹಾಲೇಶನ ಹೆಂಡತಿ ಶೈಲಶ್ರೀಗೆ ಒಪ್ಪಿಸುವ ಮೊದಲೇ ಗಂಗಾಂಬಿಕಾ ಹಾಸಿಗೆ ಹಿಡಿದಿದ್ದಳು.

“ಅಲ್ಲಿ ಕರೆಂಟಿಲ್ಲವ್ವ,” ಎಂದಿದ್ದ ಹಾಲೇಶ್.

“ಊರ ಮೋಟಾರೆಲ್ಲ ತಿರುಗಿಸಾಂವ ನೀ. ನನಗೊಂದು ರಾತ್ರಿ ಉಸಿರು ಕೊಡಾಕ ಆಗಂಗಿಲ್ಲೇನು?”

ಆ ಮಾತು ಅವನನ್ನು ಬಿಡಲಿಲ್ಲ. ಕೈಯಲ್ಲಿ ಎತ್ತಿ ಒಯ್ಯಬಹುದಾದ ಪವರ್ ಸ್ಟೇಷನ್ ಎಂಬ ಬ್ಯಾಟರಿ ಪೆಟ್ಟಿಗೆಯನ್ನು ತಂದ. ಮೂರು ಸೌರಫಲಕಗಳನ್ನು ಸಾಲಾಗಿ ಜೋಡಿಸಿದರೆ ಬೇಗ ತುಂಬುತ್ತದೆಂದು ಅಂಗಡಿಯವನು ಹೇಳಿದ. ಆದರೆ ಚಳಿಯ ಬೆಳಗಿನಲ್ಲಿ ಫಲಕದ ವೋಲ್ಟೇಜ್ ಏರುತ್ತದೆ, ಮೂರೂ ಸೇರಿದರೆ ಪೆಟ್ಟಿಗೆ ತಾಳುವ ಮಿತಿ ಮೀರುತ್ತದೆ ಎಂಬುದನ್ನು ಹಾಲೇಶ್ ಲೆಕ್ಕ ಹಾಕಿ, ಎರಡನ್ನೇ ಕೊಂಡ. ಅವನ ಯೋಜನೆ ಸರಳವಾಗಿತ್ತು: ಪೆಟ್ಟಿಗೆಯನ್ನು ಮನೆಯಲ್ಲೇ ತುಂಬಿಸಿ ಒಯ್ಯುವುದು, ಹಗಲು ಯಂತ್ರ ಕುಡಿದಷ್ಟನ್ನು ಫಲಕಗಳು ಮರಳಿ ತುಂಬುವುದು, ರಾತ್ರಿಯ ಉಸಿರಿಗೆ ತುಂಬಿದ ಪೆಟ್ಟಿಗೆ. ದಾರಿಯ ಆಪತ್ತಿಗೆಂದು ಗಂಟೆಯ ಹೊತ್ತಿಗಷ್ಟೇ ಸಾಲುವ ಸಣ್ಣದೊಂದು ಸಿಲಿಂಡರನ್ನೂ ಕಾರಿನಲ್ಲಿ ಇಟ್ಟುಕೊಂಡ.

ಸೋಮವಾರ ಬೆಳಿಗ್ಗೆ ಬಂಡೆಯ ಮೇಲೆ ಫಲಕಗಳನ್ನು ಒರಗಿಸಿದಾಗ ಗಂಗಾಂಬಿಕಾ ತಾನೇ ಪೂಜೆ ಮಾಡುತ್ತೇನೆಂದಳು. ಏದುಸಿರು ಬಿಡುತ್ತಲೇ ಎರಡರ ಮೇಲೂ ಅಂಚಿನಿಂದ ಅಂಚಿಗೆ ಮೂರೆಳೆ ವಿಭೂತಿ ಬಳಿದು, ಚೆಂಡುಹೂವಿನ ಸರ ಅಡ್ಡಲಾಗಿ ಇಳಿಬಿಟ್ಟಳು. ಕಾಯಿ ಒಡೆದವನು ಹಾಲೇಶನೇ.

ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆ ಅರ್ಧ ಬರಿದಾಗಿತ್ತು. ಬಿಸಿಲು ನೆತ್ತಿ ಸುಡುತ್ತಿದ್ದರೂ ಒಳಗೆ ಬರುತ್ತಿದ್ದ ಕರೆಂಟು ಯಾತಕ್ಕೂ ಸಾಲದಷ್ಟು. ಹಾಲೇಶ್ ತಂತಿಗಳನ್ನು ಕಳಚಿ ಸಿಕ್ಕಿಸಿದ, ಮೀಟರಿಟ್ಟು ನೋಡಿದ, ಫಲಕದ ಓರೆಯನ್ನು ಬದಲಿಸಿದ.

ತಮ್ಮ ಮನೋಹರ್ ಒಲೆಯ ಪಕ್ಕದಿಂದಲೇ ಕೆಣಕಿದ: “ಏನಣ್ಣ, ಸತ್ತ ಮೋಟಾರೆಲ್ಲ ಎಬ್ಬಿಸ್ತಿ, ಈ ಪೆಟ್ಟಿಗಿ ಮುಂದ ನೀನ ಕುಂತ್‌ಬಿಟ್ಟೆಲ್ಲ!”

“ಸುಮ್ಮನಿರಲೇ.”

ಆ ದನಿ ಕೇಳಿ ಮನೋಹರ್ ಒಲೆಯತ್ತ ತಿರುಗಿದ.

ಬಿಸಿಲು ವಾಲತೊಡಗಿದಾಗ, ಸಡಿಲಾದ ತಂತಿ ಬಿಗಿಯಲು ಹಾಲೇಶ್ ಫಲಕದ ಮೇಲೆ ಬಾಗಿದ. ಅವನ ತೋಳಿನ ನೆರಳು ಗಾಜಿನ ಮೇಲೆ ಬಿದ್ದದ್ದೇ ತಡ, ಪೆಟ್ಟಿಗೆಯ ಪರದೆಯಲ್ಲಿ ಒಳಬರುವ ಕರೆಂಟಿನ ಅಂಕಿ ಮತ್ತೂ ಕುಸಿಯಿತು. ತೋಳು ಸರಿಸಿದಾಗ ಏರಿತು. ಒಂದು ಚೂರು ನೆರಳಿಗೂ ಇಡೀ ಸಾಲೇ ಸೊರಗುತ್ತಿತ್ತು. ಆಮೇಲೆ ಅವನ ಕಣ್ಣು ಹೂವಿನ ಸರದ ಮೇಲೆ, ಅದರ ಕೆಳಗಿನ ವಿಭೂತಿಯ ಪಟ್ಟೆಗಳ ಮೇಲೆ ನಿಂತಿತು. ಬೆಳಗಿನಿಂದ ಅವು ಕಣ್ಣೆದುರಿಗೇ ಇದ್ದವು. ಕಬ್ಬಿಣದ ಮೈಗೆ ಹಚ್ಚಿ ರೂಢಿಯಾದ ಕೈಗೆ, ಈ ಗಾಜು ಬಿಸಿಲನ್ನು ಉಣ್ಣುವ ಬಾಯಿ ಎಂಬುದು ಹೊಳೆದೇ ಇರಲಿಲ್ಲ. ಅವನು ಸರದತ್ತ ಕೈ ಚಾಚಿದ, ಹಿಂದಕ್ಕೆ ಎಳೆದುಕೊಂಡ.

“ಯಾಕೋ?” ಗಂಗಾಂಬಿಕಾ ಕೇಳಿದಳು.

“ಅವ್ವ... ಪೂಜಿ ಬಿಸಿಲಿಗೆ ಅಡ್ಡ ಆಗೈತಿ.”

ಆಕೆ ಎದ್ದು ನಿಂತಳು. “ಅತ್ತಿ, ನೀವು ಕುಂದ್ರಿ, ನಾನು ಒರೆಸ್ತೀನಿ,” ಎಂದು ಶೈಲಶ್ರೀ ಮುಂದೆ ಬಂದಳು.

“ಬ್ಯಾಡ. ಹಚ್ಚಿದಾಕಿ ನಾನು.”

ನಳಿಕೆ ಎಳೆಯುವಷ್ಟು ದೂರ ನಡೆದು, ಸರ ತೆಗೆದು ಮಡಿಲಿಗೆ ಹಾಕಿಕೊಂಡಳು. ಒದ್ದೆ ಸೆರಗಿನಿಂದ ಗಾಜನ್ನು ತಿಕ್ಕಿ, ಬೆರಳಿಗಂಟಿದ ವಿಭೂತಿಯನ್ನು ಹಣೆಗೆ ಒತ್ತಿಕೊಂಡಳು. ಅಂಕಿ ಒಮ್ಮೆಲೇ ಜಿಗಿಯಿತು. ಮನೋಹರ್ ಸಿಳ್ಳೆ ಹೊಡೆದ. ಹಾಲೇಶ್ ಮಾತ್ರ ಸೂರ್ಯನನ್ನು ನೋಡುತ್ತಿದ್ದ.

ಗುಡ್ಡದ ನೆರಳು ಬಂಡೆಯನ್ನು ಮುಟ್ಟಿದಾಗ ಪೆಟ್ಟಿಗೆ ಅರ್ಧದ ಮೇಲಿಷ್ಟು ತುಂಬಿತ್ತು. ದೀಪ ಹಚ್ಚಿದರು.

“ಹೆಂಗಾರ ನಸುಕಿನ ತನಕ ಎಳಿತೈತೇನು?” ತಾಯಿ ಅವನ ಮುಖ ನೋಡದೆ ಕೇಳಿದಳು.

ಎಳೆಯುತ್ತದೆ ಎಂದು ಹೇಳಲು ಅವನ ಬಾಯಿ ತೆರೆದಿತ್ತು. “ಇಲ್ಲವ್ವ. ನಡುರಾತ್ರಿಗೆ ನಿಲ್ತೈತಿ. ಮನಿಗೆ ನಡಿ.”

ಆಕೆ ಬತ್ತಿಯನ್ನು ತನ್ನ ಕೈಯಿಂದಲೇ ಶಾಂತ ಮಾಡಿದಳು. ಶೈಲಶ್ರೀ ಆರಿದ ಹಣತೆಯನ್ನು ಸೆರಗಿನಲ್ಲಿ ಸುತ್ತಿಕೊಳ್ಳಲು ಹೋದಾಗ, “ಇದು ಇನ್ನೂ ನಿಂದಾಗಿಲ್ಲವ್ವ, ಕೊಡು,” ಎಂದು ಇಸಿದುಕೊಂಡಳು. ದಾರಿಯುದ್ದಕ್ಕೂ ಕಾರಿನಲ್ಲಿ ಯಂತ್ರದ ಸದ್ದೊಂದೇ.

ಕಾರ್ತಿಕದಲ್ಲಿ ಇನ್ನೊಂದು ಸೋಮವಾರ ಉಳಿದಿತ್ತು. ಅದರ ಹಿಂದಿನ ದಿನ ಹಾಲೇಶ್ ಅಂಗಡಿಯಿಂದ ಊಟಕ್ಕೆ ಬಂದಾಗ, ಪಡಸಾಲೆಯ ಫಲಕಗಳೆರಡೂ ಗೋಡೆಗೆ ಮುಖ ಮಾಡಿ ನಿಂತಿದ್ದವು. ಗಂಗಾಂಬಿಕಾ ನಳಿಕೆಯ ಕೊನೆಯವರೆಗೆ ಬಂದು ಕುಳಿತು, ಅವುಗಳ ಬೆನ್ನಿಗೆ ವಿಭೂತಿ ಹಚ್ಚುತ್ತಿದ್ದಳು.