ಏಳು ನೂರಾ ಇಪ್ಪತ್ತು ಎಳೆ

ಲಕ್ಷ್ಮೇಶ್ವರದಿಂದ ಬೆಟಗೇರಿಯ ಶಾಲೆಗೆ ವರ್ಗವಾಗಿ ಬಂದಾಗ ನನಗೆ ಐವತ್ತೆರಡು. ಗಣಿತದ ಶಿಕ್ಷಕಿ, ಮದುವೆಯಾಗದವಳು, ಮೇಲಾಗಿ ಸಿಡುಕಿ ಎಂದು ಹೆಸರಾದವಳು. ಬಾಡಿಗೆ ಖೋಲಿಯಲ್ಲಿ ನನ್ನ ಮಾತು ಕೇಳಲು ಯಾರೂ ಇರಲಿಲ್ಲ. ಭಾನುವಾರವಿಡೀ ಬಾಯಿ ತೆರೆದಿಲ್ಲ ಎನ್ನುವುದು ಸೋಮವಾರ ಹಾಜರಿ ಕರೆಯುವಾಗ ಗಂಟಲು ಕಟ್ಟಿದಾಗಲೇ ಗೊತ್ತಾಗುತ್ತಿತ್ತು.

ಆ ವರ್ಷ ಪಾಠದ ಜೊತೆ ಊರಿನ ಕಸುಬನ್ನೂ ಕಲಿಸಬೇಕೆಂದಾಯಿತು. ಬೆಟಗೇರಿ ಎಂದ ಮೇಲೆ ನೇಯ್ಗೆಯೇ. ಎಂಟನೆಯ ವರ್ಗದ ಮೂಲೆಗೆ ಸಣ್ಣ ಮಗ್ಗ ಬಂತು. ಅದನ್ನು ಕಲಿಸಲು ಶನಿವಾರಕ್ಕೊಮ್ಮೆ ಹಿಂದಿನ ಓಣಿಯ ನೇಕಾರ ಅಜ್ಜಿ ಬರತೊಡಗಿದಳು. ಲೆಕ್ಕ ಬಿಟ್ಟು ದಾರ ಎಣಿಸುತ್ತ ಕೂರಬೇಕೇ ಎಂದು ನಾನು ಮೂಗು ಮುರಿದಿದ್ದೆ. ಆದರೆ ಇಂಚಿಗೆ ನಲವತ್ತು ಎಳೆ, ಅಗಲ ಹದಿನೆಂಟು ಇಂಚು ಎಂದು ಅಜ್ಜಿ ಹೇಳಿದ್ದೇ ತಡ, ಮಗ್ಗಿ ಎಂದರೆ ತಲೆ ತಗ್ಗಿಸುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಏಳ್ನೂರಾ ಇಪ್ಪತ್ತರೀ!" ಎಂದಳು. ನಾನು ತಿಂಗಳುಗಟ್ಟಲೆ ಕೂಗಾಡಿ ಕಲಿಸಲಾರದ್ದು ಅದು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಶನಿವಾರ ಬೆಳಗಿನ ಶಾಲೆ. ಮಕ್ಕಳು ಹೋದ ಮೇಲೆ ಅಜ್ಜಿ ಗಂಟು ಬಿಚ್ಚಿ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ತೆಗೆದು, "ತಗೋರಿ ಅಕ್ಕಾರ" ಎನ್ನುತ್ತಿದ್ದಳು. ನಮ್ಮ ಕಡೆ ಶಿಕ್ಷಕಿ ಎಂದರೆ ಅಕ್ಕಾರು. ಹೆಚ್ಚು ಮಾತಿರಲಿಲ್ಲ. ಆದರೂ ಇಡೀ ವಾರದಲ್ಲಿ ನಾನು ಇನ್ನೊಬ್ಬರ ಎದುರು ಕೂತು ಉಣ್ಣುತ್ತಿದ್ದದ್ದು ಅದೊಂದೇ ಹೊತ್ತು. ಬುಧವಾರದಿಂದಲೇ ಅದಕ್ಕೆ ಕಾಯುತ್ತಿದ್ದೆ.

ಒಂದು ಶುಕ್ರವಾರ ಶಾಲೆ ನೋಡಲು ಸಾಹೇಬರು ಬರುವ ಖಬರ ಬಂತು. ಹಿಂದಿನ ವಾರ ನೇಯ್ದ ಬಟ್ಟೆಯನ್ನು ಕೊಯ್ದು ತೆಗೆದಾಗಿತ್ತು. ಎಳೆಗಳನ್ನು ಸಾಲಾಗಿ ಹಿಡಿಯುವ ಹಣಿಗೆಯಿಂದ ಗೇಣುದ್ದದ ಹಳೆಯ ಎಳೆಗಳು ಜೋತಾಡುತ್ತಿದ್ದವು. ನನಗೆ ಅಚ್ಚುಕಟ್ಟಿನ ಹುಚ್ಚು. ಎಲ್ಲವನ್ನೂ ಎಳೆದು ಕಸದ ಬುಟ್ಟಿಗೆ ಹಾಕಿ ಹಣಿಗೆಯನ್ನು ಒರೆಸಿಟ್ಟೆ. ಸಾಹೇಬರು ಬಾಗಿಲಲ್ಲೇ ನಿಂತು "ಛಲೋ ಐತಿ" ಎಂದು ಹೊರಟುಹೋದರು.

ಮರುದಿನ ಅಜ್ಜಿ ಬರಿದಾದ ಹಣಿಗೆಯ ಮೇಲೆ ಬೆರಳಾಡಿಸಿದಳು.

"ಯಾರ ತಗದ್ರಿ ಇದನ್ನ?"

"ನಾನ. ಕಸ ಇತ್ತಲ್ಲ."

"ಕಸ ಅಲ್ರಿ ಅಕ್ಕಾರ. ಹೊಸಾ ಎಳಿ ಗಂಟ ಹಾಕಾಕ ಹಳೇ ಎಳಿ ಬಿಟ್ಟಿರ್ತೀವಿ. ಮಗ್ಗ ಬರಿದ ಮಾಡೂದು, ನೇಯೋರು ಇಲ್ಲಂತ ಆದ ಮ್ಯಾಲ."

ಅಂದು ರೊಟ್ಟಿಯ ಗಂಟು ಬಿಚ್ಚದೆ ಎದ್ದು ಹೋದಳು. ಮುಂದಿನ ಶನಿವಾರ ಬರಲಿಲ್ಲ. ನಾಲ್ಕು ದಾರಕ್ಕೆ ಇಷ್ಟು ಬಿಂಕವೇ, ಬರದಿದ್ದರೆ ಬಿಡಲಿ ಎಂದುಕೊಂಡೆ. ಅದರ ಮುಂದಿನ ಶನಿವಾರವೂ ಬರಲಿಲ್ಲ. ಖಾಲಿ ವರ್ಗದಲ್ಲಿ ಡಬ್ಬಿ ತೆರೆದು ಕೂತರೆ ಎದುರಿಗೆ ಉಣ್ಣುವವರು ಯಾರೂ ಇಲ್ಲ. ಡಬ್ಬಿ ಮುಚ್ಚಿ ಅವಳ ಓಣಿಗೆ ನಡೆದೆ.

ಅಜ್ಜಿ ಹೊಸ್ತಿಲ ಬಳಿ ಕೂತಿದ್ದಳು. ಅವಳ ಹಿಂದೆ, ನಡುಮನೆಯಲ್ಲಿ ದೊಡ್ಡ ಮಗ್ಗ. ಅದರಲ್ಲಿಯೂ ಒಂದು ಎಳೆ ಇರಲಿಲ್ಲ.

"ಸಿಟ್ಟಾಗೀಯೇನ ಯವ್ವಾ? ತಪ್ಪಾತು ನಂದು," ಎಂದೆ. ನನ್ನ ಬಾಯಿಂದ ಈ ಮಾತು ಹೊರಡುವುದು ಅಪರೂಪ.

"ಸಿಟ್ಟಲ್ರಿ. ಈಗ ಒಂದೊಂದ ಎಳಿನೂ ಮತ್ತ ಹಣಿಗ್ಯಾಗ ಪೋಣಸಬೇಕು. ಆ ಕಡೆ ಒಬ್ರು ಎಳಿ ಕೊಡಬೇಕು, ಈ ಕಡೆ ಒಬ್ರು ಎಳಕೋಬೇಕು. ಹುಡುಗ್ರಿಗೆ ಬಗಿಹರಿಯೂದಲ್ಲ. ನಮ್ಮನಿಯವರು ಇದ್ದಾಗ ಆಗ್ತಿತ್ತು. ಅವರು ಹೋದ ದಿನ ಮಂದಿ ಈ ಮಗ್ಗಾನೂ ಬರಿದ ಮಾಡಿದ್ರು. ಅಲ್ಲಿಂದ ಹಂಗ ಐತಿ."

"ನನಗರ ಹೇಳಬೇಕಿಲ್ಲೋ?"

"ಅಕ್ಕಾರಿಗೆ ಹೆಂಗ ಹೇಳ್ಲಿ, ಆ ಕಡೆ ಕುಂಡ್ರಿ ಅಂತ?"

ಭಾನುವಾರ ಶಾಲೆಯ ಕೀಲಿ ಇಸಕೊಂಡು ತೆರೆದೆ. ಹಣಿಗೆಯ ಈಚೆ ಅವಳು, ಆಚೆ ನಾನು. ನಾನು ಎಳೆ ಕೊಡುವುದು, ಅವಳು ಸಂದಿಯಿಂದ ಎಳೆದುಕೊಳ್ಳುವುದು. ಮುನ್ನೂರರ ಹತ್ತಿರ ಒಂದು ಎಳೆ ತಪ್ಪಿಸಿದೆ.

"ಲಕ್ಷ್ಯ ಎಲ್ಲೈತಿ?" ಎಂದು ಗದರಿದಳು.

ನನ್ನ ಅವ್ವ ಹೋದ ಮೇಲೆ ನನ್ನನ್ನು ಯಾರೂ ಗದರಿರಲಿಲ್ಲ. ಕಣ್ಣು ತುಂಬಿ ಎಳೆಗಳೆಲ್ಲ ಒಂದಾಗಿ ಕಂಡವು. ಕೈ ನಿಂತದ್ದನ್ನು ನೋಡಿ ಅಜ್ಜಿ, "ಸಾವಕಾಶ ಕೊಡ್ರಿ ಅಕ್ಕಾರ, ಎಲ್ಲಿಗೆ ಹೋಗೂದೈತಿ?" ಎಂದಳು.

ಖರೆ. ಇಬ್ಬರಿಗೂ ಎಲ್ಲಿಗೂ ಹೋಗುವುದಿರಲಿಲ್ಲ.