ತನ್ನ ಕಾಲ ಮೇಲೆ ಬರಬೇಕಾದ ಕಾರು

ಬೆಳಗಾವಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ನಾನು ಮೂವತ್ತೊಂದು ವರ್ಷ ಎಂಜಿನ್ನಿನ ಪಾಠ ಮಾಡಿದೆ. ಕರಿಹಲಗೆಯ ಮೇಲೆ ಬರೆಯುತ್ತಿದ್ದ ಕಾರ್ಬುರೇಟರಿನ ಚಿತ್ರ ಎಷ್ಟು ಚೆಂದವಿರುತ್ತಿತ್ತೆಂದರೆ ಅದನ್ನು ಅಳಿಸಲು ನನಗೇ ಮನಸ್ಸು ಬರುತ್ತಿರಲಿಲ್ಲ. ನಿಜವಾದ ಎಂಜಿನ್ನಿಗೆ ಪಾನಾ ಹಚ್ಚಿ ನಟ್ಟು ಬಿಚ್ಚುವ ಕೆಲಸ ಮಾತ್ರ ವರ್ಕ್‌ಶಾಪಿನವರದು. ಅಲ್ಲಿಗೆ ನಾನು ಹೋಗುತ್ತಿದ್ದದ್ದು ಚಹಾ ಕುಡಿಯಲು, ಅದೂ ಬಿಳಿ ಅಂಗಿಗೆ ಎಣ್ಣೆ ತಾಗದಷ್ಟು ದೂರ ನಿಂತು. ಇಂಥವನು ನಿವೃತ್ತನಾದ ಮೇಲೆ ಹಳೆಯ ಕಾರೊಂದನ್ನು ಕೊಳ್ಳುತ್ತೇನೆಂದರೆ ಹೆಂಡತಿ ಹೆದರಬೇಕಿತ್ತು. ನನ್ನ ಹೆಂಡತಿ ನಕ್ಕಳು.

"ತಗೋರಿ ತಗೋರಿ. ಈಗ ನಿಮ್ಮ ಪಾಠ ಕೇಳಾಕ ಹುಡುಗ್ರು ಇಲ್ಲ. ಕಾರಾದ್ರೂ ಕೇಳ್ಲಿ."

ಕಾರು ಇದ್ದದ್ದು ಖಾನಾಪುರ ತಾಲೂಕಿನ ಬೀಡಿ ಎಂಬ ದೊಡ್ಡ ಹಳ್ಳಿಯಲ್ಲಿ, ಒಬ್ಬ ರೈತರ ಮನೆಯ ಪಕ್ಕದ ಶೆಡ್ಡಿನಲ್ಲಿ. ನನಗಿಂತ ಎರಡು ವರ್ಷ ಚಿಕ್ಕದು. ಗುಂಡು ಮೂಗು, ಕೆನೆ ಬಣ್ಣ, ಸ್ಟಿಯರಿಂಗಿನ ಮಗ್ಗುಲಲ್ಲೇ ಗೇರಿನ ಕಡ್ಡಿ. ಆ ಯಜಮಾನರ ತಂದೆ ಕೊಂಡದ್ದಂತೆ. ಊರಿನ ಎಷ್ಟೋ ಮದುಮಕ್ಕಳು ಅದರಲ್ಲೇ ಕೂತು ಮಂಟಪಕ್ಕೆ ಹೋಗಿದ್ದರು. ಈಗ ಯಜಮಾನರ ಕಣ್ಣು ಮಂಜಾಗಿ, ಸ್ಟಿಯರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಇದ್ದ ಒಬ್ಬಳೇ ಮಗಳು ಬೆಳಗಾವಿಯ ನೆಹರು ನಗರದಲ್ಲಿ ನರ್ಸು. ಮನೆಯಲ್ಲಿ ಓಡಿಸುವವರಿಲ್ಲದೆ ಗಾಡಿ ನಿಂತಲ್ಲೇ ಕೊಳೆಯುವುದನ್ನು ನೋಡಲಾರದೆ ಮಾರಲು ಒಪ್ಪಿದ್ದರು.

ಕಾರು ನೋಡಲು ಹೋದ ದಿನ ನಾನು ಅವರಿಗೆ ಮುಕ್ಕಾಲು ಗಂಟೆ ಪಾಠ ಮಾಡಿದೆ. ನಲವತ್ತು ವರ್ಷ ಆ ಕಾರನ್ನು ಓಡಿಸಿದ ಮನುಷ್ಯನಿಗೆ, ಅದರೊಳಗೆ ಕಿಡಿ ಹೇಗೆ ಹೊತ್ತುತ್ತದೆ, ಪಿಸ್ಟನ್ ಹೇಗೆ ಏರಿಳಿಯುತ್ತದೆ ಎಂದು ಕೈ ಆಡಿಸುತ್ತ ವಿವರಿಸಿದೆ. ಅವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ಕೇಳಿದರು. ನಡುವೆ ಎರಡು ಸಲ, "ಸರ, ಈ ಗಾಡೀದ ಒಂದ ಖೋಡಿ ಐತ್ರಿ," ಎಂದು ಬಾಯಿ ತೆರೆದರು. ಎರಡೂ ಸಲ ನಾನು, "ಅದೆಲ್ಲಾ ನನಗ ಗೊತ್ತೈತ್ರಿ," ಎಂದು ಮುಂದಿನ ಅಧ್ಯಾಯಕ್ಕೆ ಹೋದೆ. ಕೊನೆಗೆ ಅವರು ಗಾಡಿಯ ಖೋಡಿಯ, ಅದರ ಕೆಟ್ಟ ಚಾಳಿಯ, ಮಾತು ಬಿಟ್ಟು ಬೇರೆಯದನ್ನೇ ಕೇಳಿದರು.

"ಸರ, ಬ್ಯಾಸಗ್ಯಾಗ ಮಗಳ ಲಗ್ನ ಐತ್ರಿ. ಈ ಗಾಡ್ಯಾಗ ಕುಂತ ಹೋಗಬೇಕಂತ ಆಕೀದು ಸಣ್ಣಾಕಿ ಇದ್ದಾಗಿಂದ ಹಟ. ಅದೊಂದ ದಿನ ತಂದ ಕೊಡ್ರಿ. ಹಗ್ಗ ಕಟ್ಟಿ ಎಳಕೊಂಡ ತರಬ್ಯಾಡ್ರಿ, ಟೆಂಪೋದಾಗ ಹೇರಿ ತರಬ್ಯಾಡ್ರಿ. ತನ್ನ ಕಾಲ ಮ್ಯಾಲ ತಾನ ಬರ್ಲಿ. ಮದುಮಗಳ ಗಾಡಿ ದಾರ್ಯಾಗ ನಿಂತ್ರ ಮಂದಿ ಆ ಹುಡುಗಿಗೆ ಏನೇನೋ ಅಂತಾರ."

"ಅದರ ಚಿಂತಿ ನನಗ ಬಿಡ್ರಿ ಯಜಮಾನ್ರ. ಎಂಜಿನ್ ಕಲಿಸಿದಾಂವ ನಾ," ಎಂದು ಮಾತು ಕೊಟ್ಟೆ.

ಚಳಿಗಾಲದ ಬೆಳಗ್ಗೆ. ಕಾರು ಬೀಡಿಯಿಂದ ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಯವರೆಗೆ ಒಂದು ಸಲವೂ ಕೆಮ್ಮದೆ ಬಂತು. ಹೆಂಡತಿ ಬಾನೆಟ್ಟಿಗೆ ವಿಭೂತಿ ಹಚ್ಚಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟಳು. ಮರುದಿನ ನಾನು ಎಂಜಿನ್ ಸ್ವಚ್ಛ ಮಾಡಲು ಕೂತೆ. ಪೆಟ್ರೋಲನ್ನು ಎಂಜಿನ್ನಿಗೆ ಎತ್ತಿಕೊಡುವ ಪುಟ್ಟ ಪಂಪೊಂದು ಇರುತ್ತದೆ. ಅದರ ಸುತ್ತ ಯಾರೋ ಹಳೆಯ ಧೋತರದ ತುಂಡೊಂದನ್ನು ಕಟ್ಟಿದ್ದರು. ಒಣಗಿ, ಮಣ್ಣು ಮೆತ್ತಿಕೊಂಡು, ನೋಡಲು ಅಸಹ್ಯವಾಗಿತ್ತು. ಹಳ್ಳಿಯವರ ಕೊಳಕುತನವೆಂದು ಮೂಗು ಮುರಿದು ಎರಡು ಬೆರಳಲ್ಲಿ ಹಿಡಿದು ಕಸದ ಬುಟ್ಟಿಗೆ ಒಗೆದೆ. ಪಂಪು ಫಳಫಳ ಹೊಳೆಯಿತು.

ಬೇಸಿಗೆ ಬಂದು ಬಿಸಿಲು ಏರಿದಂತೆ ನನ್ನ ಮರ್ಯಾದೆ ಇಳಿಯತೊಡಗಿತು. ಮಧ್ಯಾಹ್ನ ಕಾರು ತೆಗೆದರೆ ಎರಡು ಮೂರು ಮೈಲಿ ಹೋಗಿ ರಸ್ತೆಯ ನಟ್ಟನಡುವೆ ನಿಲ್ಲುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ತಾನೇ ಚಾಲೂ ಆಗುತ್ತಿತ್ತು. ಬೆಳಗ್ಗೆ ಗ್ಯಾರೇಜಿನ ಮಿಸ್ತ್ರಿಯ ಹತ್ತಿರ ಒಯ್ದರೆ, "ಗಾಡಿ ಮಸ್ತ್ ಐತಲ್ರಿ ಸರ," ಎಂದು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದ. ಪ್ಲಗ್ಗು ಬದಲಿಸಿದೆವು, ಕಾಯಿಲ್ ಬದಲಿಸಿದೆವು, ಕಾರ್ಬುರೇಟರನ್ನು ಮೂರು ಸಲ ಬಿಚ್ಚಿ ತೊಳೆದೆವು. ನಡುರಸ್ತೆಯಲ್ಲಿ ಬಾನೆಟ್ ಎತ್ತಿ ನಿಂತಾಗಲೆಲ್ಲ ನನ್ನ ಹಳೆಯ ವಿದ್ಯಾರ್ಥಿ ಯಾರಾದರೂ ಒಬ್ಬ ಬೈಕು ನಿಲ್ಲಿಸಿ, "ಸರ, ದಬ್ಬಬೇಕೇನ್ರಿ?" ಎಂದು ಬಹಳ ವಿನಯದಿಂದ ಕೇಳುತ್ತಿದ್ದ. ಆ ವಿನಯ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಯಜಮಾನರಿಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಮುಕ್ಕಾಲು ಗಂಟೆ ಪಾಠ ಮಾಡಿ ಬಂದವನು ಯಾವ ಮುಖ ಇಟ್ಟುಕೊಂಡು ಫೋನು ಮಾಡಲಿ?

ಲಗ್ನಕ್ಕೆ ಮೂರು ವಾರವಿದ್ದಾಗ ಒಂದು ರವಿವಾರ ಯಜಮಾನರ ಮಗಳು ಆಮಂತ್ರಣ ಪತ್ರಿಕೆ ಕೊಡಲು ಮನೆಗೆ ಬಂದಳು. ಪತ್ರಿಕೆ ಹೆಂಡತಿಯ ಕೈಗಿತ್ತು ಸೀದಾ ಕಾರಿನ ಹತ್ತಿರ ಹೋಗಿ, ಕೇಳದೆಯೇ ಬಾನೆಟ್ ಎತ್ತಿದಳು.

"ಸರ, ಪಂಪಿನ ಮ್ಯಾಲಿನ ಅರಿವಿ ಎಲ್ಲೈತ್ರಿ? ಬ್ಯಾಸಗ್ಯಾಗ ಅದನ್ನ ಹಸಿ ಮಾಡಿ ಕಟ್ಟಬೇಕ್ರಿ. ಇಲ್ಲಂದ್ರ ಮಧ್ಯಾಹ್ನ ಗಾಡಿ ನಿಂದರ್ತದ."

ಅಲ್ಲೇ ನೆಲ ಬಿರಿಯಬಾರದೇ ಅನಿಸಿತು. ಪಂಪು ಕಾದರೆ ಅದರೊಳಗಿನ ಪೆಟ್ರೋಲು ಆವಿಯಾಗುತ್ತದೆ, ಆವಿ ತುಂಬಿದ ಪಂಪು ಪೆಟ್ರೋಲು ಎತ್ತುವುದಿಲ್ಲ, ಎಂಜಿನ್ ನಿಲ್ಲುತ್ತದೆ. ಇದನ್ನು ನಾನು ವರ್ಷಾ ವರ್ಷಾ ಚಿತ್ರ ಸಮೇತ ಕಲಿಸಿದ್ದೆ. ಪರೀಕ್ಷೆಯಲ್ಲಿ ಎಂಟು ಅಂಕಕ್ಕೆ ಕೇಳುತ್ತಿದ್ದೆ. ಸರಿಯಾಗಿ ಬರೆಯದವರ ಉತ್ತರದ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತಿದ್ದೆ. ಅದೇ ಪ್ರಶ್ನೆ ನನ್ನ ಎದುರು ಎರಡು ತಿಂಗಳು ಹೊಗೆ ಉಗುಳಿಕೊಂಡು ನಿಂತಿದ್ದರೂ ಗುರುತು ಹತ್ತಿರಲಿಲ್ಲ.

ಆಗಲಾದರೂ ತಪ್ಪು ಒಪ್ಪಿಕೊಂಡೆನೇ? "ಅದಕ್ಕ ಬ್ಯಾರೇನ ವ್ಯವಸ್ಥಾ ಮಾಡಾಕತ್ತೇನವ್ವಾ," ಎಂದೆ. ಸುಳ್ಳು ಹೇಳಿದ ಮೇಲೆ ವ್ಯವಸ್ಥೆ ಮಾಡಲೇಬೇಕಾಯಿತು. ಗ್ರಾಫ್ ಹಾಳೆಯ ಮೇಲೆ ಅಳತೆ ಹಾಕಿ, ಎಂಜಿನ್ನಿನ ಶಾಖ ಪಂಪಿಗೆ ತಟ್ಟದಂತೆ ಅಲ್ಯೂಮಿನಿಯಮ್ ತಗಡಿನ ಒಂದು ಗುರಾಣಿಯನ್ನು ಮಾಡಿಸಿದೆ.

"ಹಸಿ ಅರಿವಿ ಕಟ್ಟಿದ್ರ ಮುಗೀತಿತ್ತಲ್ರಿ?" ಎಂದಳು ಹೆಂಡತಿ.

"ಅದು ಹಳ್ಳಿ ಉಪಾಯ. ಇದು ವಿಜ್ಞಾನ," ಎಂದೆ.

ಆ ವಾರ ದಿನಾ ಮಳೆ ಬಿದ್ದು ಊರು ತಂಪಾಗಿತ್ತು. ಅಂಥ ಹವೆಯಲ್ಲಿ ಗಾಡಿಯನ್ನು ನಾಲ್ಕು ಸಲ ಓಡಿಸಿ, ಎಲ್ಲೂ ನಿಲ್ಲಲಿಲ್ಲವೆಂದು ನನಗೆ ನಾನೇ ಪೂರ್ತಿ ಅಂಕ ಕೊಟ್ಟುಕೊಂಡೆ.

ಲಗ್ನ ಖಾನಾಪುರದ ಕಲ್ಯಾಣ ಮಂಟಪದಲ್ಲಿ, ಸಂಜೆ ಗೋಧೂಳಿಗೆ. ಮಧ್ಯಾಹ್ನ ಎರಡು ಗಂಟೆಗೆ ಬೀಡಿಯ ಮನೆಯಿಂದ ಮದುಮಗಳನ್ನು ಹೊರಡಿಸಬೇಕು. ಮಳೆ ಮಾಯವಾಗಿ ಬಿಸಿಲು ರಣರಣ ಎನ್ನುತ್ತಿತ್ತು. ನಾನು ಧೋತರ ಉಟ್ಟು ರೇಷ್ಮೆಯ ಶಲ್ಯ ಹೊದ್ದು, ಹೆಂಡತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹನ್ನೊಂದಕ್ಕೆ ಹೊರಟೆ. ಖಾನಾಪುರ ದಾಟಿ, ಮಲಪ್ರಭೆಯ ಸೇತುವೆಯ ಹತ್ತಿರ ಕಾರು ಎರಡು ಸಲ ಬಿಕ್ಕಿ ನಿಂತಿತು. ಬಾನೆಟ್ ಎತ್ತಿ ತಗಡು ಮುಟ್ಟಿದವನು ಕೈ ಜಾಡಿಸಿದೆ. ನನ್ನ ಗುರಾಣಿ ಪಂಪಿಗೆ ತಟ್ಟುವ ಗಾಳಿಯನ್ನೂ ತಡೆದು, ಅದನ್ನು ಒಲೆಯೊಳಗೆ ಇಟ್ಟಂತೆ ಕಾಯಿಸಿತ್ತು.

ಹೆಂಡತಿ ನನ್ನ ಶಲ್ಯವನ್ನು ನೋಡಿದಳು, ಅಷ್ಟೇ.

ಧೋತರ ಎತ್ತಿ ಕಟ್ಟಿ ಹೊಳೆಗಿಳಿದೆ. ಕೆಸರಲ್ಲಿ ಒಂದು ಸಲ ಜಾರಿ ಕೂತೂ ಬಿಟ್ಟೆ. ಶಲ್ಯವನ್ನು ನೀರಲ್ಲಿ ಅದ್ದಿ ತಂದು, ತಗಡು ಕಿತ್ತು, ಪಂಪಿಗೆ ಸುತ್ತಿದೆ. ಹತ್ತು ನಿಮಿಷಕ್ಕೆ ಕಾರು ಚಾಲೂ ಆಯಿತು. ದಾರಿಯಲ್ಲಿ ಮತ್ತೆರಡು ಸಲ ನಿಂತು, ಬಾಟಲಿಯ ನೀರನ್ನೆಲ್ಲ ಅದಕ್ಕೇ ಕುಡಿಸಿ, ಎರಡಕ್ಕೆ ಐದು ನಿಮಿಷವಿದ್ದಾಗ ಬೀಡಿ ಮುಟ್ಟಿದೆವು.

ಸದ್ದು ಕೇಳಿಯೇ ಯಜಮಾನರು ಹೊರಗೆ ಬಂದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಆಮೇಲೆ ನನ್ನನ್ನು ಸ್ವಲ್ಪ ಬದಿಗೆ ಕರೆದು ದನಿ ಇಳಿಸಿದರು.

"ಸರ, ಖರೇ ಹೇಳ್ರಿ. ಖಾನಾಪುರ ಮುಟ್ಟೂತನಕ ಎಲ್ಲೂ ನಿಂದರೂದಿಲ್ಲಲ್ರಿ? ಇಲ್ಲಂದ್ರ ನನ್ನ ತಂಗಿ ಮಗಂದ ಹೊಸಾ ಕಾರ ತಯಾರ ಐತಿ. ಆಕೀಗೆ ನಾ ಸಮಾಧಾನ ಹೇಳ್ತೇನಿ."

ಹೊಸ್ತಿಲಲ್ಲಿ ಹಸಿರು ಬಳೆ ತೊಟ್ಟು, ರೇಷ್ಮೆ ಸೀರೆ ಉಟ್ಟು ಆ ಹುಡುಗಿ ನಿಂತಿದ್ದಳು. ಕಣ್ಣು ಕಾರಿನ ಮೇಲೇ. ಹೂಂ ಅಂದು ದಾರಿಯಲ್ಲಿ ಕಾರು ನಿಂತರೆ ಅವಳ ಹೆಸರು ಬಾಯಿಂದ ಬಾಯಿಗೆ ಹೋಗುತ್ತದೆ. ಊಹೂಂ ಅಂದರೆ ಸಣ್ಣವಳಿದ್ದಾಗಿನ ಅವಳ ಆಸೆ ಇಲ್ಲೇ ಮುರಿಯುತ್ತದೆ.

"ಗೊತ್ತಿಲ್ರೀ," ಎಂದೆ. ಆ ಮೇಲೆ ತಡೆಯಲಿಲ್ಲ. ಅರಿವೆ ಒಗೆದದ್ದು, ತಗಡು ಮಾಡಿಸಿದ್ದು, ಅವರ ಮಗಳಿಗೆ ಸುಳ್ಳು ಹೇಳಿದ್ದು, ಶಲ್ಯ, ಹೊಳೆ, ಎಲ್ಲ ಹೇಳಿಬಿಟ್ಟೆ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. "ನನ್ನ ಕೈಯಾಗ ಇದು ಮುಟ್ತದೋ ಇಲ್ಲೋ, ಖರೇನ ಗೊತ್ತಿಲ್ರೀ."

ನನ್ನ ದನಿ ಹೊಸ್ತಿಲವರೆಗೂ ಹೋಗಿತ್ತು. ಮಗಳು ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಮೆಟ್ಟಿಲಿಳಿದು ಬಂದಳು.

"ಅಪ್ಪಾ, ನಾ ಹೊಡೀತೇನಿ, ನೀನ ಕಲಿಸೀಯಲ್ಲ. ನೀ ಬಾಜೂಕ ಕುಂದರು."

ಅತ್ತೆಯರು, ಚಿಕ್ಕಮ್ಮಂದಿರು ಹೋ ಎಂದರು. ಮದುಮಗಳು ತಾನೇ ಗಾಡಿ ಹೊಡೆದುಕೊಂಡು ಹೋಗುವುದೆಂದರೇನು? ಯಜಮಾನರು ನನ್ನ ಕಡೆ ಕೈ ಚಾಚಿ, "ಸರ, ಕೀಲಿ," ಎಂದರು. ಕೊಟ್ಟೆ. ಸುಳ್ಳೇಕೆ ಹೇಳಲಿ, ಹೆಗಲು ಹಗುರವಾಯಿತು.

ನನಗೂ ಹೆಂಡತಿಗೂ ಹಿಂದಿನ ಸೀಟು ಸಿಕ್ಕಿತು. ನನ್ನ ತೊಡೆಯ ಮೇಲೆ ಒಂದು ತುಂಬಿದ ಕೊಡ ಇಟ್ಟರು. ಊರು ದಾಟಿದ ಮೇಲೆ ಯಜಮಾನರು ಮಂಜುಗಣ್ಣು ಮುಚ್ಚಿ, ಕಿವಿಗೊಟ್ಟು ಕೂತರು. ಸ್ವಲ್ಪ ಹೊತ್ತಿಗೆ, "ನೀರ ಬೇಡಾಕತ್ತೈತಿ, ಬಾಜೂಕ ಹಚ್ಚು," ಎಂದರು. ನನಗೆ ಏನೂ ಕೇಳಿಸಿರಲಿಲ್ಲ. ಇಳಿದು ಶಲ್ಯದ ಮೇಲೆ ನೀರು ಹಾಕಿ ಬಂದೆ. ಎಂಜಿನ್ ನಿಲ್ಲಲೇ ಇಲ್ಲ.

ಮುಂದೆ ನಾನೇ ಅವಸರ ಮಾಡತೊಡಗಿದೆ. "ಈಗ ಹಾಕ್ಲ್ಯಾ?"

"ಇಲ್ರೀ."

"ಈಗ?"

"ಇಲ್ರೀ ಸರ. ಸುಮ್ನ ಕುಂತ ಕೇಳ್ರಿ."

ಸುಮ್ಮನೆ ಕೂತು ಕೇಳಿದೆ. ಬಹುಶಃ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಒಂದೇ ಸಮ ನಡೆಯುತ್ತಿದ್ದ ಗುರುಗುರು ಒಂದು ಕಡೆ ತೆಳ್ಳಗಾಯಿತು, ಕುದಿಯುವ ಪಾತ್ರೆಯ ಮುಚ್ಚಳ ಸ್ವಲ್ಪ ಎದ್ದಂತೆ. "ಹಚ್ಚವ್ವಾ!" ಎಂದು ಕೂಗಿದೆ. ಯಜಮಾನರೂ ಅದೇ ಹೊತ್ತಿಗೆ ಕೈ ಎತ್ತಿದ್ದರು. ಕೊಡ ಹಿಡಿದು ಓಡಿದೆ. ಓಡುವ ರಭಸಕ್ಕೆ ಅರ್ಧ ನೀರು ನನ್ನ ಧೋತರದ ಮೇಲೆಯೇ ಬಿತ್ತು.

ಮಂಟಪದ ಬಾಗಿಲಿಗೆ ಕಾರು ತನ್ನ ಕಾಲ ಮೇಲೆಯೇ ಬಂತು. ಸ್ಟಿಯರಿಂಗ್ ಹಿಡಿದ ಮದುಮಗಳನ್ನು ಕಂಡು ಬೀಗರ ಕಡೆಯವರು ಬಾಯಿ ತೆರೆದು ನಿಂತರು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಹಲಗೆ ವಾದ್ಯದವರು ಬಾರಿಸತೊಡಗಿದರು. ಅವಳು ಇಳಿದು ಬಾನೆಟ್ಟಿಗೆ ನಮಸ್ಕಾರ ಮಾಡಿ ಒಳಗೆ ಹೋದಳು.

ನಾನು ಕೊಡ ಹಿಡಿದು ಗಾಡಿಯ ಪಕ್ಕದಲ್ಲೇ ಉಳಿದೆ. ಒದ್ದೆ ಧೋತರ, ಕಪ್ಪಾದ ಕೈ, ಮೈಮೇಲೆ ಶಲ್ಯವಿಲ್ಲ. ಬೀಗರ ಕಡೆಯ ಹಿರಿಯರೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏ ಕ್ಲೀನರ್, ಗಾಡಿ ಆ ಗಿಡದ ನೆರಳಿಗೆ ಹಚ್ಚಸು," ಎಂದರು.

ಯಜಮಾನರು ಗಾಬರಿಯಾದರು. "ಅಯ್ಯಯ್ಯ, ಅವ್ರ ದೊಡ್ಡ..."

"ಇರ್ಲಿ ಬಿಡ್ರಿ," ಎಂದು ಅವರ ಕೈ ಹಿಡಿದೆ. ಹಿರಿಯರ ಕಡೆ ತಿರುಗಿದೆ. "ಹೂನ್ರಿ, ಹಚ್ಚಸ್ತೇನಿ. ಇವತ್ತ ಕೆಲಸಕ್ಕ ಸೇರೇನ್ರಿ."